ಮಾವನ ಕಾಲ ಕೆಳಗಿನ ಚೀಲ

ಒಂದೇ ಕಾಗದವನ್ನು ಇನ್ನೂರು ಸಲ ಕೈಯಲ್ಲಿ ಹಿಡಿದೂ ಒಂದು ಸಲ ಓದದೆ ಇರಬಹುದೇ? ಇರಬಹುದು. ನಮ್ಮ ಬೀದಿ ಮೂಲೆಯ ಜೆರಾಕ್ಸ್ ಅಂಗಡಿಯವಳನ್ನು ಕೇಳಿ, ಹೇಗೆ ಅಂತ ಅವಳೇ ಹೇಳುತ್ತಾಳೆ. ಇವತ್ತಿಗೂ ಆ ಮಾತು ಎತ್ತಿದರೆ ಅವಳ ಮುಖ ಕೆಂಪಾಗುತ್ತದೆ.

ಆವತ್ತು ಶನಿವಾರ. ಅಂಗಡಿಗೆ ಟಿವಿ ಅಕ್ಕ ಬಂದಳು. ಟಿವಿ ಅಕ್ಕ ಎಂದರೆ ಪಕ್ಕದ ಮನೆಯವಳು. ಬೆಟ್ಟದ ಅಡಿಯಲ್ಲಿ ಹನ್ನೆರಡು ಕಿಲೋಮೀಟರಿನ ಉದ್ದ ಸುರಂಗವಿದೆಯಲ್ಲ, ಅದರ ಕ್ಯಾಮೆರಾ ಕೋಣೆಯಲ್ಲಿ ಅವಳ ಕೆಲಸ. ಗೋಡೆ ತುಂಬ ಹದಿನಾರು ಟಿವಿ. ಒಳಗೆ ಯಾವ ಗಾಡಿ ನಿಂತಿತು, ಎಲ್ಲಿ ಹೊಗೆ ಎದ್ದಿತು ಎಂದು ಎಂಟು ಗಂಟೆ ಕಣ್ಣು ಮಿಟುಕಿಸದೆ ನೋಡುವವಳು. ಅವಳ ಮನೆಯಲ್ಲಿ ಮಾತ್ರ ಟಿವಿ ಇಲ್ಲ. ಕೇಳಿದರೆ, “ಡ್ಯೂಟೀಲಿ ನೋಡಿದ್ದೇ ಸಾಕು” ಅನ್ನುತ್ತಾಳೆ.

“ಇದು ಇನ್ನೂರು ಪ್ರತಿ ಬೇಕಮ್ಮ. ಸುರಂಗದಲ್ಲಿ ಹೋಗೋರಿಗೆ ಹಂಚಬೇಕು” ಎಂದು ಒಂದು ಹಾಳೆ ಕೊಟ್ಟಳು.

ಸೊಸೆ (ಅಂಗಡಿಯವಳನ್ನು ನಾವು ಹಾಗೇ ಕರೆಯೋಣ, ಅವಳ ಮಾವ ಹಾಗೇ ಕರೆಯುವುದು) ಹಾಳೆಯನ್ನು ಮೆಷಿನ್ನಿನ ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಬಡಿದಳು. “ಏನಕ್ಕ ಇದು, ಮೊಳದುದ್ದ? ನಮ್ಮ ತೆರಿಗೇಲಿ ಕೊರೆದ ಸುರಂಗ. ಅದರಲ್ಲಿ ಹೋಗೋಕೆ ನಾವೇ ಇವರ ಅಪ್ಪಣೆ ಕೇಳಬೇಕಾ? ಇಷ್ಟೊತ್ತಿಗೆ ಬಾ, ಅಷ್ಟೊತ್ತಿಗೆ ಹೋಗು, ಅದು ತರಬೇಡ, ಇದು ತರಬೇಡ! ಅತ್ತೆ ಮನೇಲೂ ನನಗೆ ಇಷ್ಟು ಕಟ್ಟಳೆ ಇರಲಿಲ್ಲ.”

“ಮಂಗಳವಾರ ನೀವೇ ಹೋಗ್ತಿದೀರಲ್ಲೇ. ಒಂದು ಪ್ರತಿ ಇಟ್ಕೊಂಡು ಓದು.”

“ಓದ್ತೀನಿ ಬಿಡಕ್ಕ.”

ಓದಿದಳೇ? ಇಲ್ಲ. ಮಸಿ ಹೆಚ್ಚಾಗಿ ಕೆಟ್ಟುಹೋದ ಏಳೆಂಟು ಪ್ರತಿಗಳನ್ನು ಗಂಡನ ಕಾರ್ಖಾನೆಗೆ ಕಳಿಸಿದಳು. ಕಾರ್ಖಾನೆ ಎಂದರೆ ಮನೆ ಹಿಂದಿನ ತಗಡಿನ ಶೆಡ್ಡು. ಗಂಡ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುವವನು. ನೆಲಕ್ಕೆ ಬಣ್ಣ ಬೀಳದಿರಲಿ ಎಂದು ಮೇಜಿನ ಕಾಲುಗಳ ಕೆಳಗೆ ಕಾಗದ ಹಾಸುತ್ತಾನೆ. ಸುರಂಗದ ನಿಯಮಗಳು ಹೋಗಿ ಮೇಜಿನ ಕಾಲಡಿ ಸೇರಿದವು. ನಮ್ಮ ಜನಕ್ಕೆ ನಿಯಮ ಅಂದರೆ ಎಷ್ಟು ಗೌರವ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಅವರು ಮಂಗಳವಾರ ಹೊರಟಿದ್ದು ಸುಮ್ಮನೆ ಸುತ್ತಾಡಲು ಅಲ್ಲ. ಮಾವನಿಗೆ ಕಾಲು ತರಲು.

ಮಾವ ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರ್. ಬೀದಿಗೆಲ್ಲ ಅವರು ಕಂಡಕ್ಟರ್ ಮಾವ. ಜೀವನವೆಲ್ಲ ನಿಂತೇ ಕಳೆದ ಮನುಷ್ಯ. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಗಾಯ ಮಾಯದೆ, ಹೋದ ವರ್ಷ ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಗಿನಿಂದ ಕಿಟಕಿ ಪಕ್ಕದ ಮಂಚವೇ ಗತಿ. ನೀರು ಬೇಕಾದರೆ ಬಾಯಿಬಿಟ್ಟು ಕೇಳುವುದಿಲ್ಲ, ಬಸ್ಸಿನ ತಗಡಿಗೆ ಬಡಿದಂತೆ ಗೋಡೆಗೆ ಬಡಿಯುತ್ತಾರೆ. ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೊರಡು. ಸೊಸೆಗೆ ಆ ಲೆಕ್ಕವೆಲ್ಲ ಬಾಯಿಪಾಠ.

ಬೆಟ್ಟದ ಆಚೆಯ ಊರಿನಲ್ಲಿ ಕೃತಕ ಕಾಲು ಜೋಡಿಸುವ ಕೇಂದ್ರವಿದೆ. ಮಾವನ ಅಳತೆ ತೆಗೆದುಕೊಂಡು ಕಾಲು ಮಾಡಿ ಇಟ್ಟಿದ್ದರು. ಆದರೆ ಅದನ್ನು ಜೋಡಿಸುವ ತಜ್ಞ ಬರುವುದು ತಿಂಗಳಿಗೆ ಒಂದೇ ದಿನ, ಮೊದಲ ಮಂಗಳವಾರ, ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ. “ಬೇಗ ಬನ್ನಿ. ತಡ ಮಾಡಿದರೆ ಕಾಲಿನ ಮಾಂಸ ಕರಗಿ ಅಳತೆ ಬದಲಾಗುತ್ತೆ. ಆಮೇಲೆ ಇದು ಕೂರಲ್ಲ” ಎಂದು ಎಚ್ಚರಿಸಿದ್ದರು. ಹಳೇ ಘಟ್ಟದ ರಸ್ತೆಯಲ್ಲಿ ಐದು ಗಂಟೆ ಬೇಕು, ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತರೆ ಮಾವನಿಗೆ ಬಾವು ಬರುತ್ತದೆ. ಸುರಂಗದಲ್ಲಾದರೆ ಇಪ್ಪತ್ತೇ ನಿಮಿಷ.

ಸೋಮವಾರ ಸಂಜೆ ಟಿವಿ ಅಕ್ಕ ಮತ್ತೆ ಮನೆಗೇ ಬಂದಳು. ಪುಣ್ಯಾತ್ಗಿತ್ತಿ, ಅವಳಿಗೇನು ಬೇರೆ ಕೆಲಸ ಇರಲಿಲ್ಲವೇ?

“ನೋಡಪ್ಪ,” ಎಂದಳು ಪಾಲಿಶ್‌ನವನಿಗೆ, “ಬೆಳಗ್ಗೆ ಆರರಿಂದ ಅರ್ಧ ಗಂಟೆಗೊಂದು ಬ್ಯಾಚ್ ಬಿಡ್ತಾರೆ. ಮುಂದೆ ಪೈಲಟ್ ಗಾಡಿ, ಹಿಂದೆ ಸಾಲಾಗಿ ನೀವು. ಕೊನೇ ಬ್ಯಾಚ್ ಒಂಬತ್ತೂವರೆಗೆ. ಆಮೇಲೆ ಮಧ್ಯಾಹ್ನ ಎರಡರವರೆಗೆ ಬಾಗಿಲು ಬಂದ್. ಒಳಗೆ ಫ್ಯಾನು, ದೀಪ ಎಲ್ಲ ರಿಪೇರಿ ಮಾಡ್ತಾರೆ. ನೀನು ಏಳೂವರೆಗೇ ಅಲ್ಲಿರು. ಎಂಟಕ್ಕೋ ಎಂಟೂವರೆಗೋ ಹೋಗ್ಬಿಡಿ. ತಪಾಸಣೆಗೆ ಅರ್ಧ ಗಂಟೆ ಬೇಕು.”

“ಏನ್ ತಪಾಸಣೆ? ನಾವೇನು ಕಳ್ಳಮಾಲು ಸಾಗಿಸ್ತೀವಾ?” ಸೊಸೆಯ ಮೂಗು ಆಗಲೇ ಕೆಂಪು.

“ನಿನ್ನ ಗಂಡನ ವ್ಯಾನು ಯಾವತ್ತೂ ಥಿನ್ನರ್ ನಾರುತ್ತಲ್ಲೇ. ಥಿನ್ನರ್, ಸ್ಪಿರಿಟ್ಟು, ವಾರ್ನಿಶ್ಶು ಒಂದು ಡಬ್ಬಾನೂ ಇರಬಾರದು. ವ್ಯಾನ್ ಪೂರ್ತಿ ಖಾಲಿ ಮಾಡಿ. ಪೂರ್ತಿ ಅಂದ್ರೆ ಪೂರ್ತಿ.”

“ಮಾಡ್ತೀನಕ್ಕ, ಮಾಡ್ತೀನಿ” ಎಂದ ಪಾಲಿಶ್‌ನವನು. ಮಾಡಿಯೂ ಮಾಡಿದ. ಆ ರಾಶಿ ಡಬ್ಬಗಳನ್ನೆಲ್ಲ ಇಳಿಸಿ ಶೆಡ್ಡಿನಲ್ಲಿ ಸಾಲಾಗಿ ಜೋಡಿಸಿ, ಹೆಂಡತಿಯನ್ನು ಕರೆದು ತೋರಿಸಿ ಶಹಬ್ಬಾಸ್‌ಗಿರಿಯನ್ನೂ ಪಡೆದ.

ಮಂಗಳವಾರ ಬೆಳಗ್ಗೆ ಆರಕ್ಕೇ ಮಾವ ಇಸ್ತ್ರಿ ಅಂಗಿ ತೊಟ್ಟು ರೆಡಿ. ಮಡಿಲಲ್ಲಿ ಒಂದು ಜೊತೆ ಹೊಸ ಬೂಟು ಇಟ್ಟುಕೊಂಡು ಕೂತಿದ್ದರು. ಒಂದು ವರ್ಷದಿಂದ ಒಂಟಿ ಬೂಟು ಹಾಕಿದ ಮನುಷ್ಯ. ಇವತ್ತು ಎರಡನ್ನೂ ಹಾಕಿಕೊಳ್ಳುವ ಆಸೆ.

“ಐದೇ ನಿಮಿಷ,” ಎಂದ ಮಗ. “ಆ ದೊಡ್ಡ ಮೇಜಿಗೆ ಒಂದು ಕೈ ಅಗಸೆ ಎಣ್ಣೆ ಒರೆಸಿ ಬಂದ್ಬಿಡ್ತೀನಿ. ಸಂಜೆ ಹೊತ್ತಿಗೆ ಒಣಗಿರುತ್ತೆ.”

ಗಂಡಸರ ಐದು ನಿಮಿಷ ಗೊತ್ತಲ್ಲ? ಅವನು ಕೈ ತೊಳೆದುಕೊಂಡು ಬಂದಾಗ ಎಂಟು ಹೊಡೆದಿತ್ತು. ಸೊಸೆ ಹಲ್ಲು ಕಡಿದಳು. ಮಾವನನ್ನು ಎತ್ತಿ ವ್ಯಾನಿನ ನಡುವಿನ ಸೀಟಿಗೆ ಕೂರಿಸಿದರು. ಮೊಂಡುಗಾಲು ಜೋತುಬೀಳದಂತೆ ಕೆಳಗೆ ಏನಾದರೂ ಮೆತ್ತಗಿನದು ಬೇಕಿತ್ತು. ಪಾಲಿಶ್‌ನವನು ಶೆಡ್ಡಿಗೆ ಓಡಿ ಒಂದು ಚೀಲ ತಂದ. ಒಳಗೆ ಎಣ್ಣೆ ಒರೆಸಿದ ಹಳೇ ಬಟ್ಟೆಗಳು. ಅವತ್ತಿನ ಹಸಿ ಬಟ್ಟೆಗಳನ್ನೂ ಅದಕ್ಕೇ ತುರುಕಿ, ಒತ್ತಿ, ಬಾಯಿ ಬಿಗಿಯಾಗಿ ಕಟ್ಟಿದ್ದ. “ಹತ್ತಿ ದಿಂಬಿಗಿಂತ ಚೆನ್ನಾಗಿದೆ ನೋಡಪ್ಪ” ಎಂದು ಅಪ್ಪನ ಕಾಲ ಕೆಳಗಿಟ್ಟ.

ದಾರಿಯಲ್ಲಿ ಮಾವ ಹೇಳಿದರು, “ಲೋ, ಕಾಲ ಕೆಳಗೆ ಬೆಚ್ಚಗಾಗ್ತಿದೆ ಕಣೋ.”

ಮಗ ನಕ್ಕ. ಅದಕ್ಕೊಂದು ಕಾರಣವಿತ್ತು. ಕಾಲು ತೆಗೆದ ಮೇಲೂ ಮಾವನಿಗೆ ಇಲ್ಲದ ಪಾದ ತುರಿಸುತ್ತಿತ್ತು, ಇಲ್ಲದ ಬೆರಳು ಜೋಮು ಹಿಡಿಯುತ್ತಿತ್ತು. ಕಾಲು ಕಳೆದುಕೊಂಡವರಿಗೆ ಹಾಗಾಗುವುದು ಸಹಜ ಎಂದು ಡಾಕ್ಟರೇ ಹೇಳಿದ್ದರು. “ಮೊನ್ನೆ ತುರಿಸ್ತು, ಇವತ್ತು ಬೆಚ್ಚಗಾಯ್ತಾ? ನಾಳೆ ನೆಗಡೀನೂ ಆಗುತ್ತೆ ಬಿಡು” ಎಂದ.

ಸೊಸೆಯೂ ನಕ್ಕಳು. ಸ್ವಲ್ಪ ಹೊತ್ತಿಗೆ ಮಾವ ಮತ್ತೆ, “ಇಲ್ಲಮ್ಮ, ನಿಜವಾಗ್ಲೂ ಬಿಸಿ” ಎಂದರು. “ಕಿಟಕಿ ಬಿಸಿಲು ಮಾವ” ಎಂದು ಅವಳು ಪರದೆ ಎಳೆದಳು. ಮುದುಕರ ಮಾತು ಯಾರ ಕಿವಿಗೆ ಬೀಳುತ್ತದೆ ಹೇಳಿ!

ಸುರಂಗದ ಮುಂದಿನ ಅಂಗಳ ತಲುಪಿದಾಗ ಒಂಬತ್ತು ಹತ್ತು. ಕೊನೇ ಬ್ಯಾಚಿನ ಗಾಡಿಗಳು ಸಾಲಾಗಿ ನಿಂತಿದ್ದವು, ಎರಡು ಬಸ್ಸು, ಹತ್ತಿಪ್ಪತ್ತು ಕಾರು. ಬಸ್ಸಿನ ತುಂಬ ಜನ. ಕಿತ್ತಳೆ ಬಣ್ಣದ ಜಾಕೆಟ್ಟಿನ ತಪಾಸಣೆಯವನು ಕೋಲಿಗೆ ಕಟ್ಟಿದ ಕನ್ನಡಿಯಿಂದ ವ್ಯಾನಿನ ತಳ ನೋಡಿದ, ಹಿಂದಿನ ಬಾಗಿಲು ತೆರೆದು ನೋಡಿದ, ಆಮೇಲೆ ಒಳಗೆ ಬಗ್ಗಿದ.

“ಯಜಮಾನರ ಕಾಲ ಕೆಳಗಿರೋದು ಏನಣ್ಣ?”

“ಹಳೇ ಬಟ್ಟೆ.”

“ಎಣ್ಣೆ ವಾಸನೆ ಬರ್ತಿದೆ. ಬಿಚ್ಚಿ ತೋರಿಸಿ.”

ಅಷ್ಟೇ. ಬೆಳಗ್ಗೆಯಿಂದ ಗಂಡನ ಮೇಲೆ ಕಟ್ಟಿಟ್ಟುಕೊಂಡಿದ್ದ ಸಿಟ್ಟೆಲ್ಲ ಆ ಬಡಪಾಯಿಯ ಮೇಲೆ ಹರಿಯಿತು. ಸೊಸೆ ವ್ಯಾನಿನಿಂದ ಧುಮುಕಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಕಣ್ಣು ಕಾಣಲ್ವೇನ್ರೀ ನಿಮಗೆ? ಕಾಲಿಲ್ಲದ ಮನುಷ್ಯ ಕಾಲಿಟ್ಕೊಂಡಿರೋ ಚೀಲ ಅದು! ಅದನ್ನೂ ಕಿತ್ಕೋತೀರಾ? ಹನ್ನೊಂದಕ್ಕೆ ನಮಗೆ ಆಚೆ ಕಡೆ ಡಾಕ್ಟರಿದಾರೆ. ದೊಡ್ಡವರ ಕಾರಾಗಿದ್ರೆ ಸಲಾಮ್ ಹೊಡೆದು ಬಿಡ್ತಿದ್ರಿ. ನಮ್ಮಂಥವರ ಹತ್ರ ನಿಮ್ಮ ದರ್ಬಾರು! ಜಾಕೆಟ್ ಹಾಕ್ಕೊಂಡ ತಕ್ಷಣ ಮನುಷ್ಯತ್ವ ಬಿಚ್ಚಿಡ್ತೀರೇನು?”

“ಅಮ್ಮಾ, ದೊಡ್ಡವರ ಕಾರಾದ್ರೂ ಬಿಚ್ಚಿಸ್ತೀನಿ—”

“ಬಿಡ್ರೀ ಕಂಡಿದೀನಿ!”

ಹಿಂದಿನ ಗಾಡಿಗಳು ಹಾರನ್ ಹೊಡೆಯತೊಡಗಿದವು. ತಪಾಸಣೆಯವನು ಜಗ್ಗಲಿಲ್ಲ. ವ್ಯಾನನ್ನು ಅಂಗಳದ ಪಕ್ಕಕ್ಕೆ ನಿಲ್ಲಿಸಿದ. ಇವಳು ಅವನ ಹಿಂದೆಯೇ ನಡೆಯುತ್ತ ಅವನ ಜನ್ಮ ಜಾಲಾಡಿದಳು. ಒಂಬತ್ತೂ ಇಪ್ಪತ್ತು. ಒಂಬತ್ತೂ ಇಪ್ಪತ್ತೈದು. ಪೈಲಟ್ ಗಾಡಿಯ ಹಳದಿ ದೀಪ ತಿರುಗತೊಡಗಿತು.

ಆಗ ವ್ಯಾನಿನೊಳಗಿಂದ ತಗಡಿಗೆ ಧಡ್ ಎಂದು ಒಂದೇ ಏಟು ಬಿತ್ತು.

“ಹೋಲ್ಡಾನ್!”

ಮೂವತ್ತೊಂದು ವರ್ಷದ ಗಂಟಲು. ಅಂಗಳಕ್ಕೆ ಅಂಗಳವೇ ತಿರುಗಿ ನೋಡಿತು. ಮಾವ ಮೊಂಡುಗಾಲನ್ನು ಮೇಲೆತ್ತಿ ಹಿಡಿದಿದ್ದರು, ಅದರ ಕೆಳಗಿನ ಚೀಲದಿಂದ ಬೂದು ಹೊಗೆ ಎಳೆಎಳೆಯಾಗಿ ಏಳುತ್ತಿತ್ತು.

ತಪಾಸಣೆಯವನು ಎರಡೇ ಹೆಜ್ಜೆಗೆ ವ್ಯಾನಿನೊಳಗಿದ್ದ. ಅವನೂ ಮಗನೂ ಸೇರಿ ಮಾವನನ್ನು ಹೊರಗೆಳೆದರು. ಬೂಟು ಎತ್ತಲೋ ಹಾರಿತು. ಇನ್ನೊಬ್ಬ ಉದ್ದ ಕೊಕ್ಕೆ ಹಾಕಿ ಚೀಲವನ್ನು ಅಂಗಳಕ್ಕೆ ಎಳೆದ. ಕೊಕ್ಕೆ ತಾಗಿ ಚೀಲ ಹರಿಯಿತು, ಗಾಳಿ ನುಗ್ಗಿತು, ಭಗ್ಗೆಂದು ಆಳೆತ್ತರದ ಬೆಂಕಿ. ಕೆಂಪು ಸಿಲಿಂಡರಿನ ಪುಡಿ ಹೊಡೆದು ಆರಿಸಿದರು.

“ಯಾರೂ ಕಡ್ಡಿ ಗೀರಲಿಲ್ಲ,” ಎಂದು ಪಾಲಿಶ್‌ನವನು ತೊದಲಿದ. “ಯಾರೂ ಬೀಡಿ ಕೂಡ ಸೇದಲಿಲ್ಲ. ತಾನಾಗೇ ಹೆಂಗೆ...?”

“ತಾನಾಗೇ ಹತ್ತುತ್ತೆ!” ಟಿವಿ ಅಕ್ಕನ ದನಿ. ಅಂಗಳದ ಪಕ್ಕದ ಕ್ಯಾಮೆರಾ ಕೋಣೆಯ ಟಿವಿಯಲ್ಲಿ ಹೊಗೆ ಕಂಡು, ಕುರ್ಚಿಗೆ ಇನ್ನೊಬ್ಬರನ್ನು ಕೂರಿಸಿ, ಏದುಸಿರು ಬಿಡುತ್ತ ಓಡಿಬಂದಿದ್ದಳು. “ಅಗಸೆ ಎಣ್ಣೆ ಒಣಗೋವಾಗ ಬಿಸಿ ಹುಟ್ಟುತ್ತೆ. ಬಟ್ಟೆ ಹರವಿ ಒಣಗಿಸಿದ್ರೆ ಆ ಬಿಸಿ ಗಾಳಿಗೆ ಹೋಗುತ್ತೆ. ನೀನು ಮುದ್ದೆ ಮಾಡಿ ಬಾಯಿ ಕಟ್ಟಿದೀಯ. ಬಿಸಿ ಎಲ್ಲಿಗೆ ಹೋಗಬೇಕು? ಇಷ್ಟು ವರ್ಷ ಪಾಲಿಶ್ ಹಾಕಿದೀಯಲ್ಲೋ, ಇಷ್ಟೂ ಗೊತ್ತಿಲ್ವಾ? ನಾನು ಪೂರ್ತಿ ಖಾಲಿ ಮಾಡು ಅಂದೆನೋ ಇಲ್ವೋ?”

“ಡಬ್ಬಾ ಎಲ್ಲ ಇಳಿಸಿದ್ದೆನಲ್ಲಕ್ಕ... ಇದು ಬಟ್ಟೆ ಅಂತ...”

“ಬಟ್ಟೆಯಂತೆ ಬಟ್ಟೆ!” ಟಿವಿ ಅಕ್ಕನ ಕಣ್ಣಲ್ಲಿ ನೀರು, ಬಾಯಲ್ಲಿ ಬೆಂಕಿ. “ಆ ಎರಡು ಬಸ್ಸಲ್ಲಿ ತೊಂಬತ್ತು ಜನ ಇದಾರೆ ಕಣೋ. ನಡು ಸುರಂಗದಲ್ಲಿ, ಆರು ಕಿಲೋಮೀಟರ್ ಒಳಗೆ ಇದು ಹತ್ತಿದ್ರೆ? ಹೊಗೆ ಮೇಲಕ್ಕೆ ಹೋಗೋಕೆ ಅಲ್ಲಿ ಆಕಾಶ ಇಲ್ಲ. ತಪ್ಪಿಸಿಕೊಳ್ಳೋಕೆ ಅರ್ಧ ಕಿಲೋಮೀಟರಿಗೊಂದು ಬಾಗಿಲು. ಹೊಗೇಲಿ ಕಣ್ಣು ಕಾಣದೆ, ಗೋಡೆ ತಡವಿಕೊಂಡು ಓಡಬೇಕು. ಓಡೋಕೆ ಕಾಲಿಲ್ಲದ ಇವರನ್ನ ಏನು ಮಾಡ್ತಿದ್ದೆ? ಹೇಳೇ, ನೀನಾದ್ರೂ ಹೇಳು! ನಾನು ಟಿವೀಲಿ ಕೂತು ನೋಡಬೇಕಿತ್ತಾ ಅದನ್ನ?”

ಹತ್ತು ನಿಮಿಷದ ಹಿಂದೆ ಊರೆಲ್ಲ ಕೇಳುವಂತೆ ಕೂಗಿದ ಸೊಸೆ, ಎಲ್ಲಾದರೂ ಸುಟ್ಟಿದೆಯೇ ಎಂದು ಮಾವನ ಮೊಂಡುಗಾಲನ್ನು ತಡವಿ ನೋಡಿದಳು.

ಒಂಬತ್ತೂವರೆ. ಬಸ್ಸುಗಳು, ಕಾರುಗಳು ಒಂದೊಂದಾಗಿ ಸುರಂಗದೊಳಗೆ ಹೋದವು. ಗೇಟು ಬಿತ್ತು. ಎರಡು ಗಂಟೆಗೆ ಮತ್ತೆ ತೆಗೆಯುವ ಹೊತ್ತಿಗೆ ಆಚೆ ಊರಿನ ತಜ್ಞ ಎದ್ದು ಹೋಗಿರುತ್ತಾನೆ. ಮಾವ ಅಂಗಳದ ಬೆಂಚಿನ ಮೇಲೆ ಕೂತು, ಮುಚ್ಚಿದ ಗೇಟನ್ನು ನೋಡುತ್ತ, ತಪಾಸಣೆಯವನು ಹುಡುಕಿ ತಂದುಕೊಟ್ಟ ಬಲಗಾಲಿನ ಬೂಟಿನ ಧೂಳು ಒರೆಸಿದರು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಸೊಸೆಗೆ ಎಷ್ಟೋ ಹಗುರವಾಗುತ್ತಿತ್ತು.

ಹೊರಡುವ ಮುನ್ನ ಅವಳು ತಪಾಸಣೆಯವನ ಮುಂದೆ ಹೋಗಿ ನಿಂತಳು. “ತಪ್ಪಾಯ್ತಣ್ಣ” ಎಂದಳು. ಅವನು, “ದಿನಾ ಬೈಸಿಕೊಳ್ತೀನಮ್ಮ, ಅಭ್ಯಾಸ ಆಗಿದೆ” ಎಂದ. ಆ ಮಾತು ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಮನೆಗೆ ಬಂದವಳೇ ನೇರ ಶೆಡ್ಡಿಗೆ ಹೋದಳು. ಮೇಜಿನ ಕಾಲಡಿಯ ಕಾಗದ ಎಳೆದಳು. ಮೇಲೆ ವಾರ್ನಿಶ್ ಕಲೆ, ಗಂಡನ ಚಪ್ಪಲಿ ಗುರುತು. ಅದರ ನಡುವೆ ಅವಳದೇ ಮೆಷಿನ್ನಿನ ದಪ್ಪ ಮಸಿಯಲ್ಲಿ ಒಂದು ಸಾಲು: ಎಣ್ಣೆ ಅಥವಾ ಪಾಲಿಶ್ ಹತ್ತಿದ ಬಟ್ಟೆ, ಹತ್ತಿ, ಚಿಂದಿ ಯಾವುದನ್ನೂ ಗಾಡಿಯಲ್ಲಿ ಒಯ್ಯಬೇಡಿ.

“ಇನ್ನೂರು ಪ್ರತಿ ತೆಗೆದೆ,” ಎಂದು ಗಂಡನ ಮುಖಕ್ಕೆ ಹಿಡಿದಳು. “ಇನ್ನೂರು ಸಲ ಈ ಸಾಲು ನನ್ನ ಕಣ್ಣ ಮುಂದೆ ಹೋಯ್ತು. ನೀವು ಇದರ ಮೇಲೇ ಎಣ್ಣೆ ಬಟ್ಟೆ ಹಿಂಡಿದ್ರಿ. ಮಾವ ಎರಡು ಸಲ ಹೇಳಿದ್ರು, ಬಿಸಿ ಅಂತ. ನಾವಿಬ್ರೂ ಹಲ್ಲು ಕಿರಿದ್ವಿ. ಆ ಮನುಷ್ಯ ಬಿಚ್ಚು ಅಂದ, ನಾನು ಅವನ ಮಾನ ಕಳೆದೆ. ನಮ್ಮಂಥ ದಡ್ಡರು ಯಾರಾದ್ರೂ ಇದಾರೇನ್ರೀ?”

ಪಾಲಿಶ್‌ನವನು ಶೆಡ್ಡಿನ ಮೂಲೆ ಮೂಲೆಯಿಂದ ಎಣ್ಣೆ ಬಟ್ಟೆ ಹುಡುಕಿ ತಂದು, ನೀರಲ್ಲಿ ಅದ್ದಿ, ಹಿತ್ತಲ ತಂತಿಯ ಮೇಲೆ ಒಂದೊಂದನ್ನೇ ಬಿಡಿಸಿ ಹರವಿದ.

ಮುಂದಿನ ತಿಂಗಳ ಪ್ರಯಾಣದ ಉಸ್ತುವಾರಿಯನ್ನು ಮಾವ ತಾವೇ ತೆಗೆದುಕೊಂಡರು. “ಇನ್ಮೇಲೆ ಈ ಗಾಡಿಗೆ ನಾನೇ ಕಂಡಕ್ಟರ್” ಎಂದರು. ಹಿಂದಿನ ದಿನವೇ ಆ ಕಾಗದವನ್ನು ಸೊಸೆಯ ಕೈಲಿ ಗಟ್ಟಿಯಾಗಿ ಓದಿಸಿದರು. ಮಗ ವ್ಯಾನನ್ನು ತೊಳೆದ. ಡೀಸೆಲ್ ಸಾಕಷ್ಟಿದೆಯೇ, ಮುಂದಿನ ದೀಪ ಉರಿಯುತ್ತದೆಯೇ ಎಂದು ನೋಡಿದ್ದಾಯಿತು. ಕಾಲಿಗೆ ಒಗೆದ ದಿಂಬು ಬಂತು. ಒಳಗೆ ಗಾಡಿ ಕೆಟ್ಟರೆ ಎಂಜಿನ್ ಆರಿಸಿ, ಕೀಲಿ ಅಲ್ಲೇ ಬಿಟ್ಟು, ಹಸಿರು ದೀಪದ ಬಾಗಿಲಿಗೆ ನಡೆಯಬೇಕು. ಮಾವನನ್ನು ಮಗ ಬೆನ್ನ ಮೇಲೆ ಹೊರಬೇಕು. ಸೊಸೆ ಗೋಡೆಯ ಫೋನು ಎತ್ತಬೇಕು. ಇದನ್ನೂ ಮಾತಾಡಿಕೊಂಡರು. ಏಳಕ್ಕೇ ಅಂಗಳದಲ್ಲಿದ್ದರು. ತಪಾಸಣೆಯವನು ಬರುವ ಮೊದಲೇ ಸೊಸೆ ಎಲ್ಲ ಬಾಗಿಲು ತೆರೆದು ನಿಂತಿದ್ದಳು. “ದಿಂಬೂ ಬಿಚ್ಚಿ ನೋಡಿ ಅಣ್ಣ” ಎಂದಾಗ ಅವನು ನಕ್ಕ.

ಆದರೆ ಕಾಲು ಕೂರಲಿಲ್ಲ. ಹೇಳಿದ್ದಂತೆಯೇ ಆಯಿತು, ಒಂದು ತಿಂಗಳಲ್ಲಿ ಅಳತೆ ಬದಲಾಗಿತ್ತು. ಮತ್ತೆ ಅಳತೆ ಕೊಟ್ಟು, ಬರಿಗೈಲಿ ಬಂದು, ಇನ್ನೊಂದು ತಿಂಗಳು ಕಾದರು. ಒಂದು ಚೀಲ ಚಿಂದಿಗೆ ಆ ಮುದುಕರು ಎರಡು ತಿಂಗಳು ಮಂಚದ ಮೇಲೆ ಕೂತರು. ಯಾರು ತಂದುಕೊಡುತ್ತಾರೆ ಆ ಎರಡು ತಿಂಗಳನ್ನು?

ಮೂರನೇ ತಿಂಗಳ ಮೊದಲ ಮಂಗಳವಾರ ಸಂಜೆ ವ್ಯಾನು ಬೀದಿಗೆ ಬಂದು ನಿಂತಾಗ, ಮಗ ಎತ್ತಿಕೊಳ್ಳಲು ಕೈ ಚಾಚಿದ. ಮಾವ ಆ ಕೈಯನ್ನು ಪಕ್ಕಕ್ಕೆ ಸರಿಸಿದರು. ಮೊದಲು ಎಡಗಾಲಿನ ಬೂಟು, ಆಮೇಲೆ ಬಲಗಾಲಿನ ಬೂಟು, ಎರಡೂ ನೆಲಕ್ಕೆ ತಾಗಿದವು. ಮಾವ ನೆಟ್ಟಗೆ ನಿಂತು ವ್ಯಾನಿನ ತಗಡಿಗೆ ಧಡ್ ಧಡ್ ಎಂದು ಎರಡು ಏಟು ಹಾಕಿದರು.

“ರೈಟ್!”

ಟಿವಿ ಅಕ್ಕ ತನ್ನ ಬಾಗಿಲಲ್ಲಿ ನಿಂತು ಮುಖ ಮುಚ್ಚಿಕೊಂಡು ಅತ್ತಳು.

ಈಗ ನಿಮಗೊಂದು ಮಾತು, ಅಣ್ಣಂದಿರೇ, ಅಕ್ಕಂದಿರೇ. ನಿಯಮ ಅಂದ ತಕ್ಷಣ ನಿಮಗೂ ಮೈ ಉರಿಯುತ್ತದೆ, ನನಗೆ ಗೊತ್ತು. ಉರಿಯಲಿ. ಆದರೆ ಆ ಸಿಟ್ಟನ್ನು ಗೇಟಿನ ಬಡಪಾಯಿಯ ಮೇಲೆ ಸುರಿಯುವ ಮೊದಲು ನಿಮ್ಮ ಗಾಡಿಯೊಳಗೆ ಒಮ್ಮೆ ಬಗ್ಗಿ ನೋಡಿ. ನಿಮ್ಮ ಕಸುಬಿನ ವಸ್ತು ನಿಮ್ಮ ಕಣ್ಣಿಗೆ ಕಾಣುವುದಿಲ್ಲ, ದಿನಾ ನೋಡಿ ನೋಡಿ ಅದು ಬರೀ ಬಟ್ಟೆ, ಬರೀ ಡಬ್ಬ ಆಗಿಬಿಟ್ಟಿರುತ್ತದೆ. ಸುರಂಗ ತೆರೆಯುವ ಹೊತ್ತು ಯಾವುದು, ಮುಚ್ಚುವ ಹೊತ್ತು ಯಾವುದು ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ಒಂದು ಗಂಟೆ ಮುಂಚೆ ಹೋಗಿ. ಉರಿಯುವಂಥದ್ದು ಏನನ್ನೂ ಒಯ್ಯಬೇಡಿ, ಎಣ್ಣೆ ಚಿಂದಿಯನ್ನೂ ಬೇಡ. ಬಿಚ್ಚಿ ಅಂದರೆ ಬಿಚ್ಚಿ. ಗಾಡಿಯಲ್ಲಿ ಕೂತ ಯಾರಾದರೂ ಬಿಸಿ ಅಂದರೆ, ವಾಸನೆ ಅಂದರೆ, ನಗಬೇಡಿ, ನಿಲ್ಲಿಸಿ ನೋಡಿ.

ನಿಮ್ಮ ಕೈಯಲ್ಲಿರುವ ಈ ಹಾಳೆ ಅದೇ ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ತೆಗೆದದ್ದು. ಈ ಸಲ ಸೊಸೆ ಮೊದಲು ಕೂತು ಪೂರ್ತಿ ಓದಿದಳು, ಆಮೇಲೆ ಮೆಷಿನ್ ಹಾಕಿದಳು. ನೀವೂ ಓದಿಯಾಯಿತಲ್ಲ, ಇನ್ನು ಇದನ್ನು ಮೇಜಿನ ಕಾಲಡಿ ಹಾಸಬೇಡಿ. ಪಕ್ಕದ ಮನೆಯವರಿಗೆ ಕೊಡಿ.